ಪರ್ಯಾಯ ಆರೋಪ: ಶಿಕ್ಷೆ ಯಾವುದಕ್ಕೆ?

ಪ್ರಶ್ನೆ: ಒಂದೇ ಕೃತ್ಯಕ್ಕೆ ಕಳವು ಅಥವಾ ಅಪರಾಧಿಕ ನಂಬಿಕೆದ್ರೋಹ (ನಂಬಿ ಒಪ್ಪಿಸಿದ ಸ್ವತ್ತನ್ನು ಅಪ್ರಾಮಾಣಿಕವಾಗಿ ಬಳಸಿಕೊಳ್ಳುವುದು) ಎಂದು ಪರ್ಯಾಯವಾಗಿ ಆರೋಪ ಹೊರಿಸಿದ್ದರೆ ಎರಡಕ್ಕೂ ಶಿಕ್ಷೆಯಾಗುತ್ತದೆಯೇ?

ಉತ್ತರ: ಇಲ್ಲ. ಸಾಕ್ಷ್ಯದಿಂದ ಯಾವುದು ರುಜುವಾತಾಗುತ್ತದೆಯೋ ಆ ಒಂದಕ್ಕೆ ಮಾತ್ರ ಶಿಕ್ಷೆ. ಆರೋಪಿ ಈ ಎರಡರಲ್ಲೊಂದನ್ನು ಎಸಗಿರುವುದು ಖಚಿತವಾಗಿದ್ದು, ಯಾವುದೆಂಬುದಷ್ಟೇ ಸಂದೇಹಾಸ್ಪದವಾಗಿದ್ದರೆ, ನ್ಯಾಯಾಲಯವು ಅದನ್ನು ತೀರ್ಪಿನಲ್ಲಿ ಸ್ಪಷ್ಟವಾಗಿ ದಾಖಲಿಸಿ ಪರ್ಯಾಯ ತೀರ್ಪು (ಇದು ಅಥವಾ ಅದು ಎಂಬ ತೀರ್ಪು) ನೀಡಬೇಕು; ಆಗ ಭಾರತೀಯ ನ್ಯಾಯ ಸಂಹಿತೆಯ 10ನೇ ಕಲಮಿನಂತೆ (ಹಿಂದಿನ ದಂಡ ಸಂಹಿತೆಯ 72ನೇ ಕಲಮು) ಕಡಿಮೆ ಶಿಕ್ಷೆಯಿರುವ ಅಪರಾಧಕ್ಕೆ ನಿಗದಿಯಾದ ದಂಡನೆಯನ್ನೇ ವಿಧಿಸಬೇಕಾಗುತ್ತದೆ. ನಂಬಿಕೆದ್ರೋಹಕ್ಕೆ ಸಾಮಾನ್ಯವಾಗಿ ಗರಿಷ್ಠ 5 ವರ್ಷ, ಸಾಧಾರಣ ಕಳವಿಗೆ 3 ವರ್ಷ ಕಾರಾವಾಸವಿರುವುದರಿಂದ ನಿಮ್ಮ ಉದಾಹರಣೆಯಲ್ಲಿ 3 ವರ್ಷವೇ ಮಿತಿ. ಆದರೆ ಅಪರಾಧವೇ ನಡೆದಿದೆಯೇ ಎಂಬ ಸಂದೇಹಕ್ಕೆ ಈ ನಿಯಮ ಅನ್ವಯಿಸದು. ಅಲ್ಲಿ ಬಿಡುಗಡೆಯೇ ಸರಿ.