ಹೂಳು ತೆಗೆಸುವ ಮೊದಲು ಕೆರೆಯ ಲೆಕ್ಕ ನೋಡಿ

ತಮ್ಮೂರಿನ ಕೆರೆ ದೀಪಾವಳಿಗೆ ಕೋಡಿ ಬಿದ್ದರೂ ಶಿವರಾತ್ರಿಯ ಹೊತ್ತಿಗೆ ಬತ್ತುತ್ತದೆ, ಹೂಳು ತೆಗೆಸಿದರೆ ಬೇಸಿಗೆಯವರೆಗೂ ನೀರು ನಿಂತೀತೇ ಎಂದು ಕೇಳಿದ್ದೀರಿ. ಹೂಳು ತೆಗೆಸುವುದು ಒಳ್ಳೆಯದೇ, ಆದರೆ ಎಲ್ಲಿ ತೆಗೆಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ತಾವು ಹೇಳಿದಂತೆ 40 ಎಕರೆಯಲ್ಲಿ ಸರಾಸರಿ 6 ಅಡಿ ನೀರು ನಿಂತರೆ ಅದು ಸುಮಾರು 1 ಕೋಟಿ 4 ಲಕ್ಷ ಘನ ಅಡಿಯಾಗುತ್ತದೆ. ಪತ್ರಿಕೆಗಳಲ್ಲಿ ಓದುವ ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಇಂತಹ ನೂರರಷ್ಟು ಕೆರೆಗಳು ತುಂಬಿದರೆ ಒಂದು ಟಿಎಂಸಿ. ಈ ನೀರಿಗೆ ಅಚ್ಚುಕಟ್ಟಿನ ಗದ್ದೆಗಿಂತ ಮೊದಲೇ ಬಿಸಿಲು ಪಾಲು ಕೇಳುತ್ತದೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 40 ಎಕರೆಯಿಂದ ದಿನವೊಂದಕ್ಕೆ 8 ಲಕ್ಷ ಲೀಟರ್ ಹೋಗುತ್ತದೆ, ನೂರು ದಿನಗಳಲ್ಲಿ ಒಂದೂವರೆ ಅಡಿಗೂ ಹೆಚ್ಚು ಇಳಿಯುತ್ತದೆ. ಅಗಲವಾಗಿ ತೆಳ್ಳಗೆ ಹರಡಿದ ಕೆರೆ ಬೇಗ ಬತ್ತುವುದು ಇದರಿಂದಲೇ.

ಹೂಳಿನ ನಷ್ಟ ಸಣ್ಣದೇನಲ್ಲ. ತುಂಗಭದ್ರಾ ಜಲಾಶಯವೇ ಮೊದಲಿದ್ದ ಸುಮಾರು 133 ಟಿಎಂಸಿಯಿಂದ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಆದರೆ ತೂಬಿನ ತಳಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿಯಲ್ಲಿ ನಿಲ್ಲುವ ನೀರು ಕಾಲುವೆಗೆ ತಾನಾಗಿ ಹರಿಯುವುದಿಲ್ಲ. ಜಲಾಶಯದವರು ಡೆಡ್ ಸ್ಟೋರೇಜ್ ಎನ್ನುವುದು ಇದನ್ನೇ. ದನಕರುಗಳಿಗೆ, ಸುತ್ತಲಿನ ಬೋರ್‌ವೆಲ್‌ಗಳಿಗೆ ಅದರಿಂದ ಉಪಕಾರವಿದೆ, ಗದ್ದೆಗಿಲ್ಲ. ಗದ್ದೆಗೆ ನೀರು ಬೇಕಾದರೆ ಹಳ್ಳ ಬಂದು ಸೇರುವ ಕಡೆ, ತೂಬಿಗಿಂತ ಎತ್ತರದಲ್ಲಿ ಕೂತಿರುವ ಮರಳು ಮಿಶ್ರಿತ ಹೂಳನ್ನು ತೆಗೆಸಿ. ಕೆರೆಯುದ್ದಕ್ಕೂ ಒಂದಡಿ ತೆಗೆಯಲು ಹೊರಟರೆ 100 ಘನ ಅಡಿಯ ಟ್ರ್ಯಾಕ್ಟರ್ ಲೋಡುಗಳು 17 ಸಾವಿರ ಮೀರುತ್ತವೆ, ಪಂಚಾಯಿತಿಯ ಬಜೆಟ್ ನೋಡಿಕೊಂಡು ಹೊರಡಿ. ತಳದ ಜೇಡಿಮಣ್ಣಿನ ಪದರವನ್ನು ಮಾತ್ರ ಕೆದಕಬೇಡಿ. ನಮ್ಮೂರಿನಲ್ಲಿ ಗುತ್ತಿಗೆದಾರರೊಬ್ಬರು ಇಟ್ಟಿಗೆ ಗೂಡಿಗೆಂದು ಏರಿಯ ಬುಡದಲ್ಲೇ ಆಳವಾಗಿ ಜೇಡಿ ಬಗೆದ ಮೇಲೆ, ಮುಂದಿನ ಮಳೆಗಾಲದಲ್ಲಿ ತುಂಬಿದ ಕೆರೆ ಸಂಕ್ರಾಂತಿಯನ್ನೂ ಕಾಣಲಿಲ್ಲ.

ಇದಕ್ಕೆಲ್ಲ ಮೊದಲು ಒಂದು ಪರೀಕ್ಷೆ ಮಾಡಿ. ತೂಬು ಮುಚ್ಚಿಸಿ, ಯಾರೂ ಪಂಪು ಹಚ್ಚದ, ಮಳೆಯಿಲ್ಲದ ಒಂದು ವಾರ ಕೆರೆಯೊಳಗೆ ಗುರುತು ಹಾಕಿದ ಗೂಟ ನೆಡಿ. ದಡದ ಬಿಸಿಲಿನಲ್ಲಿ ನೀರು ತುಂಬಿದ ಅಗಲವಾದ ಬಾನಿಯೊಂದನ್ನು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿ, ಇಡಿ. ಬಾನಿ ಬೇಗ ಬಿಸಿಯಾಗುವುದರಿಂದ ಅದರ ನೀರೇ ತುಸು ಹೆಚ್ಚು ಇಳಿಯಬೇಕು. ಬದಲಿಗೆ ಕೆರೆಯೇ ಹೆಚ್ಚು ಇಳಿದಿದ್ದರೆ ನೀರು ಇಂಗುತ್ತಿದೆ ಅಥವಾ ಸೋರುತ್ತಿದೆ. ಆಗ ಏರಿಯ ಹಿಂಬದಿಯ ಬುಡದಲ್ಲಿ, ತೂಬಿನ ಎರಡೂ ಪಕ್ಕದಲ್ಲಿ ಬೆಳಿಗ್ಗೆ ನಡೆದು ನೋಡಿ. ತಿಳಿನೀರು ಒಸರುತ್ತಿದ್ದರೆ ಅಲ್ಲೊಂದು ಗುರುತಿಟ್ಟು ಹೆಚ್ಚುತ್ತದೆಯೇ ಎಂದು ಗಮನಿಸುತ್ತಿರಿ. ರಾಡಿನೀರು ಬರುತ್ತಿದ್ದರೆ ಅದು ಏರಿಯ ಒಳಮಣ್ಣನ್ನೇ ಕೊರೆದು ತರುತ್ತಿದೆ ಎಂದರ್ಥ. ಹೂಳಿನ ಮಾತನ್ನು ಬದಿಗಿಟ್ಟು, ಅದೇ ದಿನ ಎಂಜಿನಿಯರರನ್ನು ಕರೆಸಿ.