ಮಧ್ಯಯುಗದ ಕ್ರೈಸ್ತ ಅನುಭಾವಿಗಳು ಬೈಬಲ್ಲಿನ ಕೀರ್ತನೆಗಳನ್ನು ಹೇಗೆ ಅರ್ಥೈಸುತ್ತಿದ್ದರು?

ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ಏಕಾಂತವಾಸಿ ರಿಚರ್ಡ್ ರೋಲ್ ಕೀರ್ತನೆಗಳಿಗೆ ಬರೆದ ಟೀಕೆಯನ್ನು (ಅಂದರೆ ವ್ಯಾಖ್ಯಾನವನ್ನು) ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1349ರಲ್ಲಿ ತೀರಿಕೊಂಡ ಈತ ಜನರಾಡುವ ಇಂಗ್ಲಿಷಿನಲ್ಲೇ ಕೀರ್ತನೆಗಳಿಗೆ ಅರ್ಥ ಬರೆದ. ಮೊದಲು ಲ್ಯಾಟಿನ್ ಸಾಲು, ನಂತರ ಅದರ ಪದಶಃ ಅನುವಾದ, ಆಮೇಲೆ ವಿವರಣೆ. ವಿವರಣೆಯ ಬಹುಪಾಲು 12ನೇ ಶತಮಾನದ ಕ್ರೈಸ್ತ ಪಂಡಿತ ಪೀಟರ್ ಲೊಂಬಾರ್ಡನಿಂದ ಬಂದದ್ದು. ಆದರೆ ಅದರೊಳಗಿನ ಕಾವು ರೋಲ್‌ನದೇ.

ಪ್ರತಿ ಕೀರ್ತನೆಯಲ್ಲೂ ಕೇಳಬೇಕಾದ ಪ್ರಶ್ನೆ: ಇಲ್ಲಿ ಮಾತಾಡುತ್ತಿರುವವರು ಯಾರು? ಕ್ರಿಸ್ತನೋ, ಸಭೆಯೋ (ಕ್ರೈಸ್ತ ಸಮುದಾಯವೋ), ದೇವರಿಗಾಗಿ ಹಂಬಲಿಸುವ ಆತ್ಮವೋ?

42ನೇ ಕೀರ್ತನೆಯನ್ನೇ ತೆಗೆದುಕೊಳ್ಳಿ (ಲ್ಯಾಟಿನ್ ಬೈಬಲ್ಲಿನ ಎಣಿಕೆಯಲ್ಲಿ 41). ಜಿಂಕೆ ನೀರಿನ ತೊರೆಗಾಗಿ ಹಂಬಲಿಸುತ್ತದೆ. ಪ್ರಾಚೀನ ಕ್ರೈಸ್ತ ಗುರು ಸಂತ ಅಗಸ್ಟೀನನ ವ್ಯಾಖ್ಯಾನದ ಪ್ರಕಾರ ಆ ಜಿಂಕೆ ಹಾವುಗಳನ್ನು ಕೊಲ್ಲುತ್ತದೆ, ಕೊಂದ ಮೇಲೆ ಅದರ ದಾಹ ಇನ್ನೂ ಏರುತ್ತದೆ. ಹಾವುಗಳೆಂದರೆ ನಮ್ಮ ದುರ್ಗುಣಗಳು. ಅವನ್ನು ಗೆದ್ದವನಿಗೆ ದೇವರಿಗಾಗಿನ ಬಾಯಾರಿಕೆ ಮತ್ತಷ್ಟು ಹೆಚ್ಚುತ್ತದೆ! ನನಗೆ ಇದಕ್ಕಿಂತ ಆಳವಾದ ಓದು ಕಂಡಿಲ್ಲ. ರೋಲ್ ಕೂಡ ಇದೇ ಜಾಡಿನವನು. ಅವನ ಅನುಭಾವದ ಮೂರು ಗುರುತುಗಳು ಕಾವು, ಸವಿ ಮತ್ತು ಹಾಡು; ಕೀರ್ತನೆ ಹಾಡುತ್ತಲೇ ಅವು ಒದಗಬೇಕೆಂಬುದು ಅವನ ಆಸೆ.

ಮುಂದೆ ಲೊಲಾರ್ಡ್ ಪಂಥದವರು (ಚರ್ಚಿನ ಸುಧಾರಣೆ ಬಯಸಿದ ಇಂಗ್ಲಿಷ್ ಗುಂಪು) ಈ ಟೀಕೆಯ ಕೆಲವು ಪ್ರತಿಗಳಿಗೆ ತಮ್ಮ ವಿಚಾರಗಳನ್ನೂ ಸೇರಿಸಿದರು.