ಮಗಳನ್ನು ಕೇಳಿದಿರಾ?

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ನಮ್ಮ ಹಳ್ಳಿ. ನಾನು ರೇಷ್ಮೆ ಫಿಲೇಚರ್‌ನಲ್ಲಿ ಕೂಲಿ ಮಾಡುತ್ತೇನೆ. ಪಿಯುಸಿ ಓದುವ ಹದಿನಾರರ ಮಗಳು ಮುಟ್ಟಾಗಿ ಎರಡು ತಿಂಗಳಾಯಿತು. ಹುಡುಗ ನೆಂಟರವನು, ಇಪ್ಪತ್ತೆರಡು ವರ್ಷ. ಮೆಡಿಕಲ್ ಅಂಗಡಿಯಿಂದ ಮಾತ್ರೆ ತರುತ್ತೇನೆ ಎಂದು ನಾದಿನಿ, ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಬಿಡೋಣ ಎಂದು ಅತ್ತೆ. ಯಜಮಾನರಿಗೆ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ನಾದಿನಿಯ ಮಾತಿದೆ, ಅತ್ತೆಯ ಮಾತಿದೆ, ಮಗಳದು ಒಂದೂ ಇಲ್ಲ. ಇವತ್ತು ರಾತ್ರಿಯೇ ಅವಳೊಬ್ಬಳನ್ನು ಕೂರಿಸಿಕೊಂಡು ಕೇಳಿ. ಅವನು ಬಲವಂತ ಮಾಡಿದನೇ? ಅವಳಿಗೆ ಈಗ ಬೇಕಿರುವುದೇನು? ಬೈಗುಳ ಬಾಯಿಗೆ ಬಂದರೆ ನುಂಗಿಕೊಳ್ಳಿ.

ಅಂಗಡಿಯ ಮಾತ್ರೆ ಬೇಡವೇ ಬೇಡ. ಗರ್ಭ ಎಷ್ಟು ವಾರದ್ದು, ಗರ್ಭಕೋಶದೊಳಗೇ ನಿಂತಿದೆಯೇ ಎಂದು ವೈದ್ಯರು ನೋಡದೆ ನುಂಗಿಸಿದರೆ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬಂದೀತು. ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಈ ವಾರವೇ ಹೋಗಿ. ಅವಳು ಗರ್ಭ ಬೇಡವೆಂದರೆ ಕಾನೂನು ಅವಳ ಕಡೆಗಿದೆ. ಗರ್ಭಪಾತ ಕಾಯ್ದೆಗೆ ಆದ 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತೆಯರಿಗೆ ಇಬ್ಬರು ವೈದ್ಯರು ಒಪ್ಪಿದರೆ 24 ವಾರದವರೆಗೂ ಅವಕಾಶವಿದೆ. ವಾರ ಎಣಿಸುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ಅವಳ ಒಪ್ಪಿಗೆಯ ಜೊತೆ ಪೋಷಕರದೊಂದು ಸಹಿ ಬೇಕು, ತಾಯಿಯದಾದರೆ ಸಾಕು. ಉಳಿಸಿಕೊಳ್ಳುತ್ತೇನೆ ಎಂದರೂ ಆಸ್ಪತ್ರೆಯೇ ದಾರಿ. ಈ ವಯಸ್ಸಿನ ಬಸಿರಿನಲ್ಲಿ ರಕ್ತಹೀನತೆ, ರಕ್ತದೊತ್ತಡ, ದಿನ ತುಂಬದ ಹೆರಿಗೆಯ ಭಯ ಹೆಚ್ಚು.

ಇನ್ನೊಂದು ವಿಷಯವನ್ನು ಮುಚ್ಚಿಡಲಾರೆ. ಹದಿನೆಂಟು ತುಂಬದ ಹುಡುಗಿ ಗರ್ಭಿಣಿ ಎಂದು ತಿಳಿದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಅವಳು ಮನಸಾರೆ ಒಪ್ಪಿದ್ದರೂ ಹುಡುಗನ ಮೇಲೆ ಪ್ರಕರಣವಾಗಬಹುದು. ನೆಂಟರ ನಡುವೆ ಇದೆಷ್ಟು ಕಷ್ಟವೆಂದು ಬಲ್ಲೆ. ಆದರೆ ಗರ್ಭಪಾತಕ್ಕೆ ಬಂದವಳ ಹೆಸರು, ವಿಳಾಸವನ್ನು ಆ ವರದಿಯಲ್ಲಿ ಬರೆಯಬೇಡಿ ಎಂದು ಕೇಳಿಕೊಳ್ಳಬಹುದು. 2022ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ಕೊಟ್ಟಿದೆ. ನೀವು ಕೇಳದೆ ಅದು ತಾನಾಗಿ ಆಗುತ್ತದೆಂದು ನಂಬಬೇಡಿ.

ತಾಳಿಯ ವಿಚಾರಕ್ಕೆ ಬಂದರೆ, ಕರ್ನಾಟಕದಲ್ಲಿ ಬಾಲ್ಯವಿವಾಹ ತಾಳಿ ಕಟ್ಟಿದ ಗಳಿಗೆಯಿಂದಲೇ ಅಸಿಂಧು, ಕಾನೂನಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಮಾನ ಉಳಿಸಲು ಹೊರಟ ಅತ್ತೆ ಇನ್ನೊಂದು ಮೊಕದ್ದಮೆಯನ್ನು ಮನೆಗೆ ಕರೆಯುತ್ತಿದ್ದಾರೆ.

ಯಜಮಾನರಿಗೆ ವೈದ್ಯರನ್ನು ಕಂಡ ಮೇಲೆ, ಅವರು ಗೌರವಿಸುವ ಹಿರಿಯರೊಬ್ಬರ ಎದುರಿನಲ್ಲಿ ಹೇಳಿ. ಅವರು ಕೈ ಎತ್ತುವವರಾದರೆ ಮೊದಲು 1098ಕ್ಕೆ ಕರೆ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಎತ್ತುತ್ತಾರೆ. ಆಸ್ಪತ್ರೆಗೆ ಹೋಗುವಾಗ ವಯಸ್ಸಿನ ದಾಖಲೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಟ್ಟುಕೊಳ್ಳಿ, ನಾದಿನಿಯನ್ನು ಮನೆಯಲ್ಲೇ ಬಿಡಿ.